ಉಮ್ಮನ ಹಡಗಿನ ಆಸೆ: ಹಣ ಕಟ್ಟುವ ಮೊದಲು ಮೂರು ಪ್ರಶ್ನೆ

ರಜೆಯಲ್ಲಿ ಮನೆಮಂದಿಯೆಲ್ಲಾ ಮಳವಳ್ಳಿ ತಾಲೂಕಿನ ಮುತ್ತತ್ತಿಗೆ ಹೋಗಿದ್ದೆವು. ಕಾವೇರಿಯಲ್ಲಿ ತೆಪ್ಪ ಹೋಗುವುದನ್ನು ನೋಡುತ್ತಾ ಕೂತಿದ್ದ ಉಮ್ಮ, ‘ನನ್ನ ಬಾಪ ಹಜ್ಜಿಗೆ ಹೋದದ್ದು ಬೊಂಬಾಯಿಯಿಂದ ಹಡಗಿನಲ್ಲಿ. ನಾನು ಹೋದದ್ದು ವಿಮಾನದಲ್ಲಿ. ಹಡಗು ಹತ್ತುವ ಆಸೆ ಹಾಗೇ ಉಳಿಯಿತು ಮೋನೆ’ ಎಂದರು.

ಹಜ್ ಹಡಗು 1995ರಲ್ಲೇ ನಿಂತಿದೆ. ಬಾವ ಮೊಬೈಲಿನಲ್ಲಿ ಬೇರೊಂದು ಹಡಗು ತೋರಿಸಿದರು. ಜಪಾನಿನ ಯೋಕೊಹಾಮಾದಿಂದ ಹೊರಟು ಕೋಬೆ, ನಾಗಸಾಕಿ ಬಂದರುಗಳನ್ನು ಸುತ್ತಿ ಬರುವ ಪ್ರವಾಸಿ ಹಡಗು. ಉಮ್ಮನ ಕಣ್ಣು ಅರಳಿತು. ಆದರೆ ಕೂಡಿಟ್ಟ ಹಣ ಅಲ್ವಾ? ಊರಿಗೆ ಬಂದು ವಿಚಾರಿಸಿದೆ.

ಮೊದಲನೆಯದು ವೀಸಾ. ಜಪಾನಿನ ಕಾನೂನಿನಂತೆ ಪರದೇಶದ ಬಾವುಟದ ಹಡಗು ಬರೀ ಜಪಾನಿನ ಬಂದರುಗಳ ನಡುವೆ ಜನ ಸಾಗಿಸುವಂತಿಲ್ಲ. ಅದಕ್ಕೇ ಇಂಥ ಹಡಗುಗಳು ನಡುವೆ ಕೊರಿಯಾದ ಬೂಸಾನ್ ಮುಟ್ಟಿ ಬರುವುದು ಹೆಚ್ಚು. ಮರಳುವಾಗ ನಾವು ಜಪಾನಿಗೆ ಎರಡನೇ ಸಲ ಕಾಲಿಟ್ಟಂತೆ. ಒಂದೇ ಪ್ರವೇಶದ ವೀಸಾ ಸಾಕಾಗದು. ಕೊರಿಯಾದ ನಿಯಮವನ್ನೂ ಕೇಳಿಕೊಳ್ಳಿ.

ಎರಡನೆಯದು ಊಟ. ‘ಮೀನು ಸಿಗುತ್ತಲ್ಲ, ಸಾಕು’ ಎಂದುಕೊಳ್ಳಬೇಡಿ. ಅಲ್ಲಿನ ಮೀನಿನ ಅಡುಗೆಗೆ ಮಿರಿನ್ ಎಂಬ ಸಿಹಿ ಅಕ್ಕಿಮದ್ಯ ಹಾಕುವುದು ಸಾಮಾನ್ಯ. ರಾಮೆನ್ ಶಾವಿಗೆಯ ಸಾರು ಅನೇಕ ಕಡೆ ಹಂದಿ ಎಲುಬಿನದ್ದು. ಹಲಾಲ್ ಊಟ ಬೇಕೆಂದು ಬುಕಿಂಗ್ ವೇಳೆಯೇ ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಮೂರನೆಯದು ನಮಾಝ್. ಅಲ್ಲಿಂದಲೂ ಕಿಬ್ಲಾ ನಮ್ಮೂರಿನಂತೆ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ. ಆದರೆ ಹಡಗು ದಿಕ್ಕು ಬದಲಿಸುತ್ತಲೇ ಇರುತ್ತದೆ, ದಿಕ್ಸೂಚಿ ಜೊತೆಗಿರಲಿ.

ಕೋಬೆಯಲ್ಲಿ ಹಡಗು ಎಷ್ಟು ಗಂಟೆ ನಿಲ್ಲುತ್ತದೆ ಎಂದೂ ಕೇಳಿ. ಜಪಾನಿನ ಮೊದಲ ಮಸೀದಿ ಅಲ್ಲಿದೆ. ಆ ಊರಿನಲ್ಲಿ ವ್ಯಾಪಾರಕ್ಕಿದ್ದ ಭಾರತೀಯರೂ ಸೇರಿ ಹಣ ಹಾಕಿ 1935ರಲ್ಲಿ ಕಟ್ಟಿದ್ದು. 1945ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ಸುಟ್ಟರೂ, 1995ರ ಭೂಕಂಪದಲ್ಲಿ ನಗರ ಕುಸಿದರೂ ಮಸೀದಿ ಉಳಿಯಿತು. ಸನ್ನೊಮಿಯಾ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಹೊತ್ತಿಗೆ ಸರಿಯಾಗಿ ದಕ್ಕೆಗೆ ಮರಳದಿದ್ದರೆ ಮಾತ್ರ ಹಡಗು ಕಾಯುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಉಮ್ಮ ಕೇಳಿದ್ದು ಒಂದೇ: ‘ಆ ಪಳ್ಳಿಯಲ್ಲಿ ಎರಡು ರಕಅತ್ ನಮಾಝಿಗೆ ಸಮಯ ಸಿಗುತ್ತದಾ?’ ಅವರ ಪಾಸ್‌ಪೋರ್ಟ್ ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ. ಹಣ ಇನ್ನೂ ಕಟ್ಟಿಲ್ಲ. ಮೂರು ಪ್ರಶ್ನೆಗೂ ಉತ್ತರ ಕೈಗೆ ಬಂದ ಮೇಲೆಯೇ, ಇನ್‌ಶಾ ಅಲ್ಲಾಹ್.