ಗಣಕಯಂತ್ರದ ನಾಡಿ

ಬಳ್ಳಾರಿಯ ಬೇಸಿಗೆಯನ್ನು ಕುರಿತು ವಾಚಕರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೆಲ್ಲ ಬಿಸಿಯುಸಿರನ್ನು ಬಿಡುವ ಆ ದಿನಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ಅಪರೂಪವಲ್ಲ. ಸತ್ಯನಾರಾಯಣಪೇಟೆಯ ಮನೆಗಳಲ್ಲಿ ಮನುಷ್ಯರು ಹೇಗೋ ತಂಪನ್ನು ಹುಡುಕಿಕೊಳ್ಳುತ್ತಾರೆ. ಮೇಜಿನ ಮೇಲಿನ ಗಣಕಯಂತ್ರವು ಮಾತ್ರ ಬಾಯಿಬಿಟ್ಟು ಹೇಳಲಾರದೆ ಬೇಯುತ್ತದೆ.

ಅದರೊಳಗಿನ ಬೀಸಣಿಗೆಯು ಕೋಣೆಯ ಗಾಳಿಯನ್ನೇ ಬೀಸುವುದಲ್ಲದೆ ಗಾಳಿಯನ್ನು ತಣಿಸಲಾರದಷ್ಟೆ. ಕೋಣೆಯು ಹತ್ತು ಡಿಗ್ರಿ ಹೆಚ್ಚು ಕಾದರೆ ಪ್ರೊಸೆಸರೂ ಸುಮಾರು ಅಷ್ಟೇ ಹೆಚ್ಚು ಕಾಯುವುದು. ಮಿತಿಮೀರಿದಾಗ ಅದು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ. ಇನ್ನೂ ಹೆಚ್ಚಿದರೆ ಥಟ್ಟನೆ ಆರಿಹೋಗುತ್ತದೆ. ಮನೆಯವರಿಗೆ ಕಾಣುವುದು ಫಲವೇ ಹೊರತು ಕಾರಣವಲ್ಲ. ಯಂತ್ರವು ಮುದಿಯಾಯಿತೆಂದು ತಿಳಿದು, ಮಗಳ ಫೀಜಿಗೆಂದು ಕೂಡಿಟ್ಟ ಹಣವನ್ನು ಹೊಸ ಯಂತ್ರಕ್ಕೆ ಸುರಿಯುವ ಗೃಹಸ್ಥರುಂಟು. ರೋಗವೋ, ಬೀಸಣಿಗೆಗೆ ಮೆತ್ತಿದ ಕೆಂಧೂಳು ಮಾತ್ರವಾಗಿರಬಹುದು!

ಜ್ವರ ಬಂದ ಮಗುವಿಗೆ ಥರ್ಮಾಮೀಟರನ್ನು ಇಡದೆ ಔಷಧವನ್ನು ಕೊಡುವವರಿಲ್ಲ. ಗಣಕಕ್ಕೂ ಅಂಥದೊಂದನ್ನು, ಪರದೆಯ ಮೇಲಂಚಿನ ಪಟ್ಟಿಯಲ್ಲಿ ಸದಾ ಕಾಣುವ ಚಿಕ್ಕ ಸೂಚಕವನ್ನು, ಮನೆಯಲ್ಲಿಯೇ ಬರೆದುಕೊಳ್ಳಬಹುದು. ಪೈಥಾನ್ ಭಾಷೆಯನ್ನು ಸ್ವಲ್ಪ ಕಲಿತ ಕಾಲೇಜಿನ ಹುಡುಗನಿಗೆ ಇದು ಒಂದು ಭಾನುವಾರದ ಕೆಲಸ.

೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಎಂಬಾತನು ಆರಂಭಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಯಂತ್ರದ ವರ್ತಮಾನವು ಸಾದಾ ಕಡತಗಳ ರೂಪದಲ್ಲಿ ದೊರೆಯುತ್ತದೆ. ಉಷ್ಣದ ಕಡತವನ್ನು ತೆರೆದರೆ ೬೭೦೦೦ ಎಂದಿರುವುದು. ಸಾವಿರದಿಂದ ಭಾಗಿಸಿದರೆ ೬೭ ಡಿಗ್ರಿ. ಪ್ರೊಸೆಸರಿನ ದುಡಿಮೆಯ ಲೆಕ್ಕವು ಮನೆಯ ವಿದ್ಯುತ್ ಮೀಟರಿನಂತೆ ಏರುತ್ತಲೇ ಹೋಗುವ ಸಂಖ್ಯೆ. ಆದಕಾರಣ ಅದನ್ನು ಎರಡು ಸಲ ಓದಿ, ಮೊದಲಿನದನ್ನು ಕಳೆದರೆ ಮಾತ್ರ ಈ ಕ್ಷಣದ ಶ್ರಮವು ತಿಳಿಯುವುದು.

ಇಲ್ಲೊಂದು ಮೋಸವಿದೆ. ಉಷ್ಣದ ಕಡತಗಳು ಹಲವು. ಸೊನ್ನೆಯ ಅಂಕಿಯುಳ್ಳ ಮೊದಲನೆಯದು ಅನೇಕ ಯಂತ್ರಗಳಲ್ಲಿ ಪ್ರೊಸೆಸರಿನದೇ ಅಲ್ಲ. ಕೆಲವು ಕಡೆ ಅದು ಬೆಳಗಿನಿಂದ ಬೈಗಿನವರೆಗೆ ಒಂದೇ ಸಂಖ್ಯೆಯನ್ನು ಹೇಳುತ್ತ ನಿಂತಿರುತ್ತದೆ. ಸಂವೇದಕಗಳ ಕ್ರಮಾಂಕಗಳೂ ಯಂತ್ರವನ್ನು ಮತ್ತೆ ಹಚ್ಚಿದಾಗ ಬದಲಾಗಬಹುದು. ಅದುದರಿಂದ ಕ್ರಮಾಂಕವನ್ನು ನಂಬದೆ ಹೆಸರನ್ನು ಹುಡುಕತಕ್ಕದ್ದು: ಇಂಟೆಲ್ ಪ್ರೊಸೆಸರಾದರೆ ಕೋರ್‌ಟೆಂಪ್, ಇತ್ತೀಚಿನ ಎಎಂಡಿಯಾದರೆ ಕೆ೧೦ಟೆಂಪ್.

ಪಟ್ಟಿಯಲ್ಲಿ ತೋರಿಸುವುದಕ್ಕೆ ೨೦೧೦ರ ಉಬುಂಟು ಆವೃತ್ತಿಯೊಡನೆ ಬಂದ ಆ್ಯಪ್ ಇಂಡಿಕೇಟರ್ ಎಂಬ ಸಲಕರಣೆಯಿದೆ. ಅದಕ್ಕೆ ಮುಂಚಿನ ಗ್ನೋಮ್ ಪಟ್ಟಿಯ ಕಿರುಸಾಧನಗಳು ೨೦೧೧ರ ಗ್ನೋಮ್ ೩ರಲ್ಲಿ ನಡೆಯದೆ ಹೋದುವು. ಇಂದಿನ ಗ್ನೋಮ್‌ನಲ್ಲಿ ಆ್ಯಪ್ ಇಂಡಿಕೇಟರಿಗೂ ಒಂದು ವಿಸ್ತರಣೆಯ ಸಹಾಯ ಬೇಕು. ಉಬುಂಟುವಿನಲ್ಲಿ ಅದು ಮೊದಲೇ ಸೇರಿರುತ್ತದೆ.

ಕಾವಲುಗಾರನೇ ಮನೆಗೆ ಭಾರವಾಗಬಾರದು. ಕ್ಷಣಕ್ಕೆ ಹತ್ತು ಸಲ ಉಷ್ಣವನ್ನು ಕೇಳುವ ಸೂಚಕವು ತಾನೇ ಯಂತ್ರವನ್ನು ಕಾಯಿಸುತ್ತದೆ. ಐದು ಸೆಕೆಂಡುಗಳಿಗೊಮ್ಮೆ ಸಾಕು. ೮೫ಕ್ಕೆ ಎಚ್ಚರಿಕೆಯನ್ನು ತೋರಿಸಿದರೆ ೮೪ಕ್ಕೆ ಹಿಂತೆಗೆಯಬೇಡಿ, ೮೦ರವರೆಗೆ ಕಾಯಿರಿ; ಇಲ್ಲವಾದರೆ ದೀಪವು ಹೊತ್ತಿ ಆರಿ ಹೊತ್ತಿ ಮನೆಮಂದಿಯನ್ನೆಲ್ಲ ಪೀಡಿಸುವುದು. ಕನ್ನಡದ ಅಂಕಿಗಳು ಯೂನಿಕೋಡಿನಲ್ಲಿರುವುದರಿಂದ ಹತ್ತು ಅಂಕಿಗಳ ಬದಲಿಪಟ್ಟಿಯೊಂದನ್ನು ಸೇರಿಸಿದರೆ ‘ತಾಪ ೬೭’ ಎಂದೇ ಕಾಣಿಸಬಹುದು. ಇಂಗ್ಲಿಷನ್ನು ಅರಿಯದ ಅಜ್ಜಿಯೂ ಆಗ ಮೊಮ್ಮಗನನ್ನು ಕರೆದು ಎಚ್ಚರಿಸಬಲ್ಲಳು.

ಸಂಖ್ಯೆಯನ್ನು ಓದುವ ಬಗೆ ಹೀಗೆ. ಯಂತ್ರವು ದುಡಿಯುತ್ತಿರುವಾಗ ೮೦ ಕಂಡರೆ ಗಾಬರಿಯಿಲ್ಲ. ಸುಮ್ಮನೆ ಕುಳಿತಿರುವಾಗಲೂ ಅಷ್ಟೇ ಇದ್ದರೆ, ವಿದ್ಯುತ್ತನ್ನು ತೆಗೆದು, ಮುಚ್ಚಳವನ್ನು ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆಯಿರಿ. ಆಗಲೂ ಇಳಿಯದಿದ್ದರೆ ಪ್ರೊಸೆಸರಿನ ಮೇಲಣ ಉಷ್ಣವಾಹಕ ಲೇಪವು ಒಣಗಿರಬಹುದು; ಅದನ್ನು ಬಲ್ಲವರಿಂದ ಹೊಸದಾಗಿ ಹಚ್ಚಿಸಬೇಕು. ಈ ಎರಡೂ ಆದಮೇಲೆ ಬೇಕಾದರೆ ಹೊಸ ಯಂತ್ರದ ಮಾತನ್ನು ಆಡೋಣ.