ಇಳಕಲ್ ಸೆರಗಿನ ‘ಕೊಂಡಿ’

ಸೌಂದರ್ಯವನ್ನು ವಸ್ತುಪ್ರದರ್ಶನಗಳಲ್ಲಿ ಅರಸುವ ನಾವು, ಅಂಗಡಿಯಲ್ಲಿ ದಿನವೂ ಬಿಚ್ಚಿ ಮಡಚುವ ಸರಕನ್ನು ಕಣ್ಣಿಟ್ಟು ನೋಡುವುದು ವಿರಳ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಉತ್ತರ ಕರ್ನಾಟಕದ ಹೊಲ, ಮನೆ, ಸಂತೆಗಳಲ್ಲಿ ಕಾಣುವ ಈ ಸೀರೆಯ ಸೆರಗನ್ನು ಒಮ್ಮೆ ಹರಡಿ ನೋಡಿರಿ. ಕೆಂಪು-ಬಿಳಿ ಪಟ್ಟೆಗಳಲ್ಲಿ ಬಾಚಣಿಗೆಯ ಹಲ್ಲು, ಜೋಳದ ತೆನೆ, ಕೋಟೆಯ ತೆನೆಗಳು ಗೋಚರಿಸುತ್ತವೆ. ನಿತ್ಯವೂ ಕಂಡ ವಸ್ತುಗಳನ್ನೇ ನೇಕಾರನು ವಿನ್ಯಾಸವಾಗಿಸಿದ್ದಾನೆ.

ನಿಜವಾದ ಕೌಶಲವಿರುವುದು ಒಡಲೂ ಸೆರಗೂ ಕೂಡುವೆಡೆಯಲ್ಲಿ. ಒಡಲಿನ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದಾಗಿರಬಹುದು. ಈ ಎರಡು ಹಾಸುಗಳ ಎಳೆಗಳನ್ನು ಕುಣಿಕೆಗಳ ಮೂಲಕ ಒಂದಕ್ಕೊಂದು ಬೆಸೆಯುವ ಕ್ರಮಕ್ಕೆ ‘ಕೊಂಡಿ’ ಎಂದು ಹೆಸರು. ಈ ಕಾರಣದಿಂದ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ; ಹಲವು ಸೀರೆಗಳಿಗಾಗುವಷ್ಟು ಉದ್ದದ ಹಾಸನ್ನು ಒಮ್ಮೆಗೇ ಹೂಡುವ ಅನುಕೂಲ ಇಲ್ಲಿಲ್ಲ.

ಬೆಲೆಯ ಮೂಲವೂ ಈ ಶ್ರಮವೇ. ವಿದ್ಯುತ್ ಮಗ್ಗದ ಅಗ್ಗದ ಅನುಕರಣೆ ಪಕ್ಕದಲ್ಲಿದ್ದಾಗ ‘ಇದಕ್ಕೇಕೆ ಹೆಚ್ಚು ದರ?’ ಎಂದು ಗ್ರಾಹಕರು ಕೇಳುವುದು ಸಹಜ. ಉತ್ತರ ಹೇಳಲಾಗದ ವರ್ತಕನು ದರ ಇಳಿಸುತ್ತಾನೆ. ಆ ಇಳಿಕೆ ಕೊನೆಗೆ ನೇಕಾರನ ಕೂಲಿಯನ್ನು ತಟ್ಟುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಆದರೆ ಕಾಯ್ದೆಯು ಹೆಸರನ್ನು ಕಾಯಬಲ್ಲುದೇ ಹೊರತು ಕೊಳ್ಳುವವರಲ್ಲಿ ಮೆಚ್ಚುಗೆಯನ್ನು ಹುಟ್ಟಿಸಲಾರದು. ಆ ಹೊಣೆ ವರ್ತಕ ಬಾಂಧವರದು.

ಇನ್ನು ಮುಂದೆ ದರ ಹೇಳುವ ಮುನ್ನ ಸೆರಗನ್ನು ಬಿಚ್ಚಿ, ಕೊಂಡಿಯಿರುವ ಜಾಗವನ್ನು ಗ್ರಾಹಕರಿಗೆ ಮುಟ್ಟಿ ನೋಡಲು ಕೊಡಿರಿ. ಚೌಕಾಸಿ ಅಲ್ಲಿಗೇ ನಿಲ್ಲದಿರಬಹುದು. ಆದರೆ ಯಾವುದಕ್ಕಾಗಿ ಹಣ ಕೊಡುತ್ತಿದ್ದೇವೆಂಬುದು ಅವರಿಗೆ ತಿಳಿದಿರುತ್ತದೆ.