ತೆಂಗಿನಕಾಯಿಗೆ ಗುರಿ

ತೆಂಗಿನಕಾಯಿಯನ್ನು ನಾವು ಹೆಂಗಸರು ದಿನವೂ ಒಡೆಯುತ್ತೇವೆ. ದೇವರ ಮುಂದೆ ಒಡೆಯುತ್ತೇವೆ, ಒರಳುಕಲ್ಲಿನ ಅಂಚಿಗೆ ಕುಟ್ಟಿ ಒಡೆಯುತ್ತೇವೆ, ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿ ಒಡೆಯುತ್ತೇವೆ. ಆದರೆ ಐವತ್ತು ಮೀಟರ್ ದೂರದಲ್ಲಿ ನಿಂತು, ಕೋವಿಯ ಗುಂಡಿನಿಂದ ಕಾಯಿ ಒಡೆಯುವ ಹೆಂಗಸರನ್ನು ನೀವು ಕಂಡಿದ್ದೀರಾ? ಕೆಲವು ವರ್ಷಗಳ ಹಿಂದೆ ನಾನು ಬಂಗಾರಪೇಟೆಯಿಂದ ಕೊಡಗಿಗೆ ಹೋಗಿ ಕಂಡುಬಂದೆ. ಹೋಗುವಾಗ ಎದೆಯಲ್ಲಿದ್ದ ಒಂದು ಭಯವನ್ನು ಅಲ್ಲೇ ಬಿಟ್ಟು ಬಂದೆ.

ಸದ್ದಿನ ಭಯ

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಲೈನ್ ಮನೆಯಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಅಷ್ಟು ಆಳದಲ್ಲಿ ಮೇಲಿನ ಭಾರ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ನಮ್ಮ ಕಡೆ ಅದಕ್ಕೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ನೆಲದಡಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಗಡಗಡ ಅಲುಗುತ್ತಿದ್ದವು. ಅಮ್ಮ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಶಾಫ್ಟ್ ಕಡೆ ಓಡುತ್ತಿದ್ದಳು. ಲೈನಿನ ಹೆಂಗಸರೆಲ್ಲ ಓಡುತ್ತಿದ್ದರು. ಒಂದು ಸಲ ನಮ್ಮಪ್ಪ ಬಂದರು, ಪಕ್ಕದ ಮನೆಯವರು ಬರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನನ್ನ ಭಯ ಮಾತ್ರ ಹೋಗಲಿಲ್ಲ. ಮದುವೆಯಾಗಿ ಬಂಗಾರಪೇಟೆಗೆ ಬಂದಮೇಲೂ ದೀಪಾವಳಿಯ ಪಟಾಕಿಗೆ ನಾನು ಅಡಿಗೆಮನೆ ಸೇರುತ್ತಿದ್ದೆ.

ಇಂಥವಳ ಮಗಳು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದಳು!

“ಅಮ್ಮಾ, ಕ್ಯಾಂಪಿನಲ್ಲಿ ರೈಫಲ್ ಫೈರಿಂಗ್ ಇದೆ. ಫಾರಂಗೆ ಒಂದು ಸೈನ್ ಹಾಕಮ್ಮ.”

“ಏನೂ ಬೇಡ ಕಣೇ. ಹೆಣ್ಮಕ್ಕಳಿಗೆ ಕೋವಿ ಏನಕ್ಕೆ?”

ಫಾರಂ ಕ್ಯಾಲೆಂಡರಿನ ಹಿಂದೆ ಸೇರಿತು. ಮಗಳು ನನ್ನೊಡನೆ ನಾಲ್ಕು ದಿನ ಮಾತು ಬಿಟ್ಟಳು.

ಕೋವಿಯೇನೂ ನಮ್ಮೂರಿಗೆ ಹೊಸದಲ್ಲ. ಇಂಗ್ಲಿಷರ ಕಾಲದಲ್ಲಿ, 1903ರಲ್ಲಿ, ಕೋಲಾರ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್ ಎಂಬ ಪಡೆಯೇ ಇಲ್ಲಿ ಹುಟ್ಟಿತ್ತು. ಆದರೆ ಅದು ದೊರೆಗಳ ಕೋವಿ. ಲೈನ್ ಮನೆಯ ಹೆಂಗಸಿಗೂ ಅದಕ್ಕೂ ಏನು ಸಂಬಂಧ?

ಗೆಳತಿಯ ತವರಿನಲ್ಲಿ

ಆಗ ಕರೆದವಳು ನನ್ನ ಕೊಡವ ಗೆಳತಿ. ಅವಳ ಗಂಡನಿಗೆ ಕೆ.ಜಿ.ಎಫ್.ನಲ್ಲೇ ಕೆಲಸ. “ಅಕ್ಕಾ, ಕೈಲ್ ಪೊಳ್ದ್ ಹಬ್ಬಕ್ಕೆ ನಮ್ಮ ಊರಿಗೆ ಬನ್ನಿ. ಮಗಳನ್ನೂ ಕರ್ಕೊಂಡ್ ಬನ್ನಿ” ಎಂದಳು. ಮಗಳ ಮುಖ ನೋಡಿ ಒಪ್ಪಿಕೊಂಡೆ.

‘ಕೈಲ್’ ಎಂದರೆ ಆಯುಧ, ‘ಪೊಳ್ದ್’ ಎಂದರೆ ಹಬ್ಬ. ಗದ್ದೆ ನಾಟಿ ಮುಗಿದಮೇಲೆ ಬರುವ ಹಬ್ಬ ಇದು. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು. ಮನೆಯ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಒರೆಸಿ ದೇವರ ದೀಪದ ಬಳಿ ಇಡುತ್ತಾರೆ. ಗಂಧ ಹಚ್ಚಿ, ಕೋವಿಯ ನಳಿಗೆಗೆ ‘ತೋಕ್ ಪೂ’ ಸಿಕ್ಕಿಸುತ್ತಾರೆ. ‘ತೋಕ್’ ಎಂದರೆ ಕೋವಿ, ‘ಪೂ’ ಎಂದರೆ ಹೂವು. ಕೆಂಪು ಹಳದಿಯ, ಬೆಂಕಿಯ ನಾಲಗೆಯಂಥ ಆ ಹೂವನ್ನು ನಮ್ಮಲ್ಲಿ ಗೌರಿ ಹೂವು ಎನ್ನುತ್ತಾರೆ. ಆಯುಧಪೂಜೆಯಲ್ಲಿ ನಾವು ಈಳಿಗೆಮಣೆಗೆ ಕುಂಕುಮ ಇಡುವುದಿಲ್ಲವೇ? ಹಾಗೆಯೇ.

ನಮಗೆಲ್ಲ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 1861ರಿಂದ ಈ ವಿಷಯದಲ್ಲಿ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

“ಗಂಡು ಮಗು ಹುಟ್ಟಿದರೆ ಒಂದು ಗುಂಡು ಹೊಡೀತಿದ್ರು, ಮನೇಲಿ ಸಾವಾದರೆ ಎರಡು. ಪುತ್ತರಿಯಲ್ಲಿ ಹೊಸ ಕದಿರು ಕುಯ್ಯೋ ಮುಂಚೆ ಒಂದು” ಎಂದಳು ಗೆಳತಿ.

“ಹೆಣ್ಣು ಹುಟ್ಟಿದರೆ?” ಎಂದೆ ನಾನು.

ಅವಳು ನಕ್ಕಳು. “ಅದು ಹಳೇ ಕಾಲದ ಮಾತು ಅಕ್ಕಾ. ಈಗ ಹೆಣ್ಣೇ ಹೊಡೀತಾಳೆ. ಮಧ್ಯಾಹ್ನ ನೋಡಿ.”

ಗುರಿ ಹಿಡಿಯುವ ಬಗೆ

ಊಟವಾದಮೇಲೆ ಊರವರೆಲ್ಲ ಬಯಲಿನಲ್ಲಿ ಸೇರಿದರು. ಹಿಂದೆ ಎತ್ತರದ ಮಣ್ಣಿನ ದಿಬ್ಬ. ಅದರ ಮುಂದೆ ಕಂಬಕ್ಕೆ ಕಟ್ಟಿದ ತೆಂಗಿನಕಾಯಿ. ಹಿಂದಿನ ಕಾಲದಲ್ಲಿ ಎತ್ತರದ ಮರದ ಮೇಲೆ ಕಟ್ಟುತ್ತಿದ್ದರಂತೆ. ಜಿದ್ದಿಲ್ಲ, ಜಗಳವಿಲ್ಲ, ತಪ್ಪಿದವರಿಗೆ ನಗು, ಹೊಡೆದವರಿಗೆ ಚಪ್ಪಾಳೆ.

ಐವತ್ತು ಮೀಟರ್ ದೂರಕ್ಕೆ ಕಾಯಿ ಒಂದು ನಿಂಬೆಹಣ್ಣಿನಷ್ಟು ಕಾಣುತ್ತದೆ. ಪಾಯಿಂಟ್ ಟೂ ಟೂ ರೈಫಲ್ಲಿನ ಗುಂಡು ಸೆಕೆಂಡಿಗೆ ಮುನ್ನೂರು ಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಆದರೂ ಅದು ಗೆರೆ ಎಳೆದಂತೆ ನೇರವಾಗಿ ಹೋಗುವುದಿಲ್ಲ. ಕೈಬಿಟ್ಟ ಲೋಟದ ಹಾಗೆ ಅದೂ ಕೆಳಗೆ ಬೀಳುತ್ತಲೇ ಹೋಗುತ್ತದೆ. ಐವತ್ತು ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 12 ಸೆಂಟಿಮೀಟರ್ ಕೆಳಗಿಳಿದಿರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಕಾಯಿಯಷ್ಟು! ಅದಕ್ಕೇ ನಳಿಗೆಯ ಮೇಲಿನ ಗುರಿಕಣ್ಣನ್ನು ಮೊದಲೇ ಲೆಕ್ಕ ಹಾಕಿ ಹೊಂದಿಸಿರುತ್ತಾರೆ. ದೂರ ಬೆಳೆದಷ್ಟೂ ಈ ಲೆಕ್ಕ ಕಷ್ಟವಾಗುತ್ತದೆ, ಗಾಳಿಯ ತಂಟೆಯೂ ಸೇರಿಕೊಳ್ಳುತ್ತದೆ.

ಗೆಳತಿಯ ಅವ್ವ, ಎಪ್ಪತ್ತರ ಹತ್ತಿರದವರು, ಕನ್ನಡಕ ಒರೆಸಿಕೊಂಡು ಮುಂದೆ ಬಂದರು. ಸೀರೆಯ ನೆರಿಗೆ ಹಿಂದಕ್ಕೆ ಬಿಟ್ಟು ಉಟ್ಟಿದ್ದರು. ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿದರು. ಒಂದು ಉಸಿರು ಎಳೆದು, ಅರ್ಧ ಬಿಟ್ಟು, ತಡೆದರು. ಮೊದಲ ಗುಂಡು ಮಣ್ಣಿಗೆ. ಎರಡನೆಯದಕ್ಕೆ ಕಾಯಿ ಸಿಡಿದು ಎಳನೀರು ಚಿಮ್ಮಿತು!

“ಟ್ರಿಗರ್ ಎಳೀಬಾರದು ಮಗಾ. ಹಸುವಿನ ಮೊಲೆ ಹಿಂಡೋ ಹಾಗೆ ಮೆಲ್ಲಗೆ ಒತ್ತಬೇಕು” ಎಂದು ನನ್ನ ಮಗಳಿಗೆ ಹೇಳಿದರು. “ಗುಂಡು ಇರಲಿ, ಇಲ್ಲದೆ ಇರಲಿ, ನಳಿಗೆ ಮನುಷ್ಯರ ಕಡೆ ತಿರುಗಬಾರದು. ಗುರಿ ನೋಡೋವರೆಗೆ ಬೆರಳು ಟ್ರಿಗರ್ ಒಳಗೆ ಹೋಗಬಾರದು. ಇಷ್ಟು ಕಲಿತಮೇಲೆ ಹೊಡೆಯೋದು ಕಲಿ.”

ಮೊದಲ ಸದ್ದಿಗೆ ನಾನು ಕಿವಿ ಮುಚ್ಚಿದ್ದೆ. ಐದನೆಯದಕ್ಕೆ ಕೈ ತಾನಾಗಿ ಕೆಳಗಿಳಿಯಿತು. ಇಲ್ಲಿ ಸದ್ದು ಕೇಳಿ ಯಾವ ಹೆಂಗಸೂ ಓಡಲಿಲ್ಲ. ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು; ಅದು ಅವರ ಕೈಯಲ್ಲೇ ಇತ್ತು.

ಮಕ್ಕಳಿಗೂ ಹೊಸಬರಿಗೂ ಹದಿನೈದು ಮೀಟರ್ ದೂರದಲ್ಲಿ ಮೊಟ್ಟೆ ಇಟ್ಟು ಏರ್‌ಗನ್ ಕೊಟ್ಟಿದ್ದರು. ಮಗಳು ಮೂರನೆಯ ಸಲಕ್ಕೆ ಮೊಟ್ಟೆ ಒಡೆದಳು. “ಈಗ ನೀನಮ್ಮ” ಎಂದು ನನ್ನ ಕೈಗೇ ಇಟ್ಟಳು. ನಾನೂ ಹೊಡೆದೆ. ‘ಟಪ್’ ಎಂದಿತು, ಅಷ್ಟೆ. ಮೊಟ್ಟೆ ಕೂತಲ್ಲೇ ಕೂತಿತ್ತು. ಆದರೆ ನಾನು ಕಣ್ಣು ಮುಚ್ಚಿರಲಿಲ್ಲ.

ನಮ್ಮವರೇ ಎಷ್ಟು ಮಂದಿ!

ಗುರಿಗೆ ಬೇಕಾದದ್ದು ತೋಳ್ಬಲವಲ್ಲ. ನಿಂತ ಉಸಿರು, ನಡುಗದ ಕೈ, ತಾಳ್ಮೆ. ಇವು ನಮಗೇನು ಕಡಿಮೆಯೇ? ಅಮೆರಿಕದ ಆನಿ ಓಕ್ಲಿ (1860–1926) ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೇಟೆಯಾಡಿ ಮನೆ ಸಾಕಿದವಳು. ಮುಂದೆ ಇಸ್ಪೀಟು ಎಲೆಯನ್ನು ಅಂಚಿನಿಂದ ಸೀಳುವಂತೆ ಗುಂಡು ಹೊಡೆದು ಲೋಕಪ್ರಸಿದ್ಧಳಾದಳು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಾರ್ಗರೆಟ್ ಮುರ್ಡಾಕ್ ಗಂಡಸರ ಜೊತೆಗೇ ರೈಫಲ್ ಸ್ಪರ್ಧೆಗೆ ನಿಂತು ಮೊದಲನೆಯವರಿಗೆ ಸರಿಸಮ ಅಂಕ ಗಳಿಸಿದರು. ನಿಯಮದ ಪ್ರಕಾರ ಬೆಳ್ಳಿ ಸಿಕ್ಕಿತು. ಚಿನ್ನ ಗೆದ್ದ ಲ್ಯಾನಿ ಬ್ಯಾಶಮ್ ಆಕೆಯನ್ನು ತಮ್ಮ ಮೆಟ್ಟಿಲಿಗೇ ಹತ್ತಿಸಿಕೊಂಡರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೇ ಬೇರೆ ಶೂಟಿಂಗ್ ಸ್ಪರ್ಧೆಗಳು ಬಂದದ್ದು 1984ರಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ.

ಊರಿಗೆ ಬಂದ ರಾತ್ರಿಯೇ ಕ್ಯಾಲೆಂಡರಿನ ಹಿಂದಿನಿಂದ ಫಾರಂ ತೆಗೆದು ಸಹಿ ಹಾಕಿದೆ. ಮಗಳು ಏನೂ ಹೇಳಲಿಲ್ಲ; ಬಂದು ಹೆಗಲಿಗೆ ತಲೆ ಇಟ್ಟಳು. ಕ್ಯಾಂಪಿನಿಂದ ಬಂದವಳು ಐದು ತೂತು ಬಿದ್ದ ಗುರಿಕಾಗದವೊಂದನ್ನು ತಂದಳು. ಅದು ಈಗಲೂ ನಮ್ಮ ಮನೆಯಲ್ಲಿ ಅಪ್ಪನ ಫೋಟೋದ ಪಕ್ಕದಲ್ಲಿದೆ.

ಹಬ್ಬದ ಕಡಂಬುಟ್ಟು

ಗೆಳತಿಯ ಮನೆಯಲ್ಲಿ ಕಲಿತು ಬಂದದ್ದು ಇನ್ನೊಂದಿದೆ. ಒಂದು ಲೋಟ ಅಕ್ಕಿತರಿಗೆ ಎರಡರಿಂದ ಎರಡೂವರೆ ಲೋಟ ನೀರು. ನೀರಿಗೆ ಉಪ್ಪು, ಒಂದೆರಡು ಜಜ್ಜಿದ ಏಲಕ್ಕಿ ಹಾಕಿ ಕುದಿಸಿ. ತರಿಯನ್ನು ಉದುರಿಸುತ್ತಾ ಕೈಯಾಡಿಸಿ, ಸಣ್ಣ ಉರಿಯಲ್ಲಿ ನೀರು ಹಿಂಗುವವರೆಗೆ ಬೇಯಿಸಿ. ಬಿಸಿ ಆರಿದಮೇಲೆ ಕೈಗೆ ನೀರು ಸವರಿಕೊಂಡು ಚೆನ್ನಾಗಿ ನಾದಿ, ನಿಂಬೆಗಾತ್ರದ ಉಂಡೆ ಕಟ್ಟಿ, ಇಡ್ಲಿಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಅವರು ಪಂದಿ ಕರಿಯೊಡನೆ ತಿನ್ನುತ್ತಾರೆ. ತರಕಾರಿ ಮನೆಯವರು ಸಿಹಿಗುಂಬಳದ ಗೊಜ್ಜಿನೊಡನೆ, ಮೇಲೆ ತುಪ್ಪ ಬಿಟ್ಟುಕೊಂಡು ತಿನ್ನಿ. ನಮ್ಮ ಮುದ್ದೆಯ ಪುಟ್ಟ ತಂಗಿಯ ಹಾಗಿರುತ್ತದೆ.